ಬಾಡಿಗೆ ಕೊಟ್ಟರೆ ಋಣ ತೀರುವುದೇ?

ಯೂರೋಪಿನ ಕ್ರೊಯೇಷಿಯಾ ದೇಶವು 2021ರ ಜನವರಿಯಿಂದ ವಿದೇಶಿಯರಿಗೆ ಒಂದು ಹೊಸ ಬಗೆಯ ವಾಸದ ಪರವಾನಗಿಯನ್ನು ನೀಡುತ್ತಿದೆ. ಅದರ ಷರತ್ತುಗಳನ್ನು ಓದಿದರೆ ಯಾರಿಗಾದರೂ ಅಚ್ಚರಿಯಾದೀತು. ಹೊರಗಿನವನೊಬ್ಬ ಬಾಗಿಲಿಗೆ ಬಂದು ನಿಂತಾಗ ನೀನು ಇಲ್ಲಿ ಏನು ಕೆಲಸ ಮಾಡುವೆ ಎಂದು ಕೇಳುವುದು ದೇಶಗಳ ರೂಢಿ. ಈ ಪರವಾನಗಿಗೆ ಅರ್ಜಿ ಹಾಕುವವನಾದರೋ, ಆ ದೇಶದ ಯಾರಿಗೂ ತಾನು ಕೆಲಸ ಮಾಡುವುದಿಲ್ಲವೆಂದು ತೋರಿಸಬೇಕು. ಅವನ ಧಣಿ ಬೇರೆ ದೇಶದಲ್ಲಿರಬೇಕು. ಸಂಬಳ ಹೊರಗಿನಿಂದ ಬರಬೇಕು. ಅದು ಕ್ರೊಯೇಷಿಯಾದ ಸರಾಸರಿ ನಿವ್ವಳ ಸಂಬಳದ ಎರಡೂವರೆ ಪಟ್ಟಿಗಿಂತ ಕಡಿಮೆ ಇರಬಾರದು; ಇಲ್ಲವೇ ಅದಕ್ಕೆ ಸರಿದೂಗುವಷ್ಟು ಉಳಿತಾಯ ಬ್ಯಾಂಕಿನಲ್ಲಿರಬೇಕು. ಹೊರಗಿನಿಂದ ಬರುವ ಆ ಸಂಬಳಕ್ಕೆ ಅಲ್ಲಿ ಆದಾಯ ತೆರಿಗೆಯಿಲ್ಲ. ಮೊದಲು ಒಂದು ವರ್ಷಕ್ಕೆ ಸಿಗುತ್ತಿದ್ದ ಈ ಪರವಾನಗಿ ಈಗ ಒಂದೂವರೆ ವರ್ಷದವರೆಗೂ ಸಿಗುತ್ತದೆ. ಕಂಪ್ಯೂಟರನ್ನು ಹೆಗಲಿಗೆ ಹಾಕಿಕೊಂಡು, ಇಂಟರ್ನೆಟ್ ಇರುವಲ್ಲೆಲ್ಲ ಬಿಡಾರ ಹೂಡಿ, ದೂರದ ಕಚೇರಿಗೆ ದುಡಿಯುವ ಇಂಥವರನ್ನು ಜಗತ್ತು ಡಿಜಿಟಲ್ ಅಲೆಮಾರಿಗಳೆಂದು ಕರೆಯುತ್ತಿದೆ.

ಇಂಥವರು ಆರಿಸಿಕೊಳ್ಳುವ ಊರುಗಳಲ್ಲಿ ಡುಬ್ರೊವ್ನಿಕ್ ಒಂದು. ಆಡ್ರಿಯಾಟಿಕ್ ಸಮುದ್ರದ ಅಂಚಿನಲ್ಲಿ, ಸುಮಾರು ಎರಡು ಕಿಲೋಮೀಟರ್ ಉದ್ದದ ಕಲ್ಲಿನ ಕೋಟೆಗೋಡೆಯೊಳಗೆ ಕುಳಿತಿರುವ ಪುರಾತನ ನಗರವದು. ಕೋಟೆಯೊಳಗೆ ವಾಹನಗಳಿಲ್ಲ. ಸ್ಟ್ರಾದುನ್ ಎಂಬ ಒಂದೇ ಒಂದು ಅಗಲವಾದ ಬೀದಿ. ಅದರ ಇಕ್ಕೆಲಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಓಣಿಗಳು. ಓಣಿಯ ಈ ಮನೆಯಿಂದ ಆ ಮನೆಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವ ಜನ. 1438ರಲ್ಲಿ ಹನ್ನೆರಡು ಕಿಲೋಮೀಟರ್ ದೂರದ ಚಿಲುಮೆಯಿಂದ ಕಾಲುವೆಯಲ್ಲಿ ನೀರು ತಂದು ಕಟ್ಟಿದ ಕಾರಂಜಿ ಈಗಲೂ ಬೀದಿಯ ಬಾಯಲ್ಲಿದೆ. 1667ರ ಭೂಕಂಪ ಈ ನಗರವನ್ನು ನೆಲಸಮ ಮಾಡಿತು, ಜನ ಮತ್ತೆ ಕಟ್ಟಿದರು. 1979ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1991ರ ಅಕ್ಟೋಬರಿನಿಂದ ಮುಂದಿನ ವರ್ಷದವರೆಗೂ ಯುಗೊಸ್ಲಾವ್ ಸೇನೆ ಮುತ್ತಿಗೆ ಹಾಕಿ ಶೆಲ್ಲುಗಳ ಮಳೆಗರೆಯಿತು; ಡಿಸೆಂಬರ್ 6ರ ದಾಳಿ ಅತ್ಯಂತ ಭೀಕರವಾಗಿತ್ತು. ಆಗಲೂ ಜನ ನೀರು, ವಿದ್ಯುತ್ತಿಲ್ಲದೆ ಅದೇ ಗೋಡೆಗಳ ನಡುವೆ ಬದುಕಿದರು. ಒಡೆದ ಹೆಂಚುಗಳನ್ನು ಮತ್ತೆ ಹೊದೆಸಿದರು.

ಭೂಕಂಪಕ್ಕೂ ಫಿರಂಗಿಗೂ ಖಾಲಿಯಾಗದಿದ್ದ ನಗರ ಶಾಂತಿಯ ಕಾಲದಲ್ಲಿ ಖಾಲಿಯಾಗುತ್ತಿದೆ ಎಂಬುದು ಸೋಜಿಗದ ಸಂಗತಿ. 1991ರಲ್ಲಿ ಕೋಟೆಯೊಳಗೆ ಸುಮಾರು 5,000 ಮಂದಿ ವಾಸವಿದ್ದರು. ಇಂದು ಉಳಿದಿರುವವರು ಸುಮಾರು 1,500 ಅಥವಾ ಅದಕ್ಕೂ ಕಡಿಮೆ. ಯಾರೂ ಅವರನ್ನು ಬಡಿದು ಓಡಿಸಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅವಳ ಮನೆಯನ್ನು ಮೊಮ್ಮಕ್ಕಳು ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಟ್ಟರು. ಬಾಡಿಗೆಗಿದ್ದ ಶಿಕ್ಷಕನಿಗೆ ಮನೆ ಬಿಡಲು ಹೇಳಲಾಯಿತು. ಚಪ್ಪಲಿ ಹೊಲಿಯುವವನ ಅಂಗಡಿ ಐಸ್‌ಕ್ರೀಂ ಅಂಗಡಿಯಾಯಿತು. ಮಕ್ಕಳಿರುವ ಕುಟುಂಬಗಳು ಕಾರು ನಿಲ್ಲಿಸಲು ಜಾಗವೂ ಲಿಫ್ಟೂ ಇರುವ ಲಾಪಾದ್, ಗ್ರೂಜ್, ಮೊಕೊಶಿತ್ಸಾದಂಥ ಹೊರ ಬಡಾವಣೆಗಳಿಗೆ ಹೋದವು. ನೆರೆಯವರು ಹೋದಂತೆ ಉಳಿದವರಿಗೂ ಬೇಸರವಾಯಿತು. ಬೀಗ ಹಾಕಿದ ಬಾಗಿಲಿನ ಪಕ್ಕದಲ್ಲಿ ಬದುಕುವುದೂ ಕಷ್ಟ, ಪ್ರತಿ ಮೂರು ದಿನಕ್ಕೊಮ್ಮೆ ಹೊಸ ಮುಖ ಕಾಣುವ ಬಾಗಿಲಿನ ಪಕ್ಕದಲ್ಲಿ ಬದುಕುವುದು ಇನ್ನೂ ಕಷ್ಟ.

ನಗರಾಡಳಿತ ಕೈಕಟ್ಟಿ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. 2016ರ ಆಗಸ್ಟಿನ ಒಂದೇ ದಿನ ಕೋಟೆಯೊಳಗೆ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಹೊಕ್ಕ ಬಳಿಕ ಎಚ್ಚರಿಕೆಯ ಗಂಟೆ ಬಾರಿಸಿತು. 2019ರಿಂದ ಪ್ರವಾಸಿ ಹಡಗುಗಳಿಗೆ ಮಿತಿ ಬಂತು: ಏಕಕಾಲಕ್ಕೆ ಎರಡು ಹಡಗು, ನಾಲ್ಕು ಸಾವಿರ ಪ್ರಯಾಣಿಕರು. 2023ರಲ್ಲಿ, ಕಲ್ಲುಹಾಸಿನ ಮೇಲೆ ಚಕ್ರದ ಪೆಟ್ಟಿಗೆಗಳನ್ನು ಗಡಗಡ ಎಳೆಯಬೇಡಿ, ಎತ್ತಿಕೊಂಡು ನಡೆಯಿರಿ ಎಂದು ನಗರಾಡಳಿತ ಪ್ರವಾಸಿಗರನ್ನು ವಿನಂತಿಸಿತು. ಪತ್ರಿಕೆಗಳು ಅದನ್ನು ನಿಷೇಧವೆಂದೂ ದಂಡವೆಂದೂ ಉಬ್ಬಿಸಿ ಜಗತ್ತೆಲ್ಲ ನಗುವಂತೆ ಮಾಡಿದವು. ರಾತ್ರಿ ಎರಡು ಗಂಟೆಗೆ ಕಿಟಕಿಯ ಕೆಳಗೆ ಆ ಸದ್ದು ಕೇಳಿದವರಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಹಳೆಯ ನಗರದಲ್ಲಿ ಪ್ರವಾಸಿ ಬಾಡಿಗೆಗೆ ಹೊಸ ಪರವಾನಗಿ ಕೊಡುವುದನ್ನು 2024ರಲ್ಲಿ ನಿಲ್ಲಿಸಲು ಹೊರಟ ಆಡಳಿತ, ಕೆಲವು ಮನೆಗಳನ್ನು ತಾನೇ ಕೊಂಡು ಕುಟುಂಬಗಳಿಗೆ ಬಾಡಿಗೆಗೆ ಕೊಡುವ ಪ್ರಯತ್ನವನ್ನೂ ಮಾಡುತ್ತಿದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಹಡಗಿನಿಂದಿಳಿದು ನಾಲ್ಕು ಗಂಟೆ ಸುತ್ತಾಡಿ ಹೋಗುವವನ ವಿಷಯದಲ್ಲಿ ಗೊಂದಲವಿಲ್ಲ. ಅವನು ಪ್ರವಾಸಿ, ಅವನೂ ಹಾಗೆಯೇ ಹೇಳಿಕೊಳ್ಳುತ್ತಾನೆ. ಆದರೆ ಕಂಪ್ಯೂಟರಿನೊಂದಿಗೆ ಬಂದು ಎಂಟು ತಿಂಗಳು, ಹನ್ನೆರಡು ತಿಂಗಳು ಇರುವವನು ಯಾರು? ಅವನನ್ನು ಕೇಳಿದರೆ ನಾನು ಪ್ರವಾಸಿಯಲ್ಲ, ಇಲ್ಲಿ ವಾಸಿಸುತ್ತಿದ್ದೇನೆ ಎನ್ನುತ್ತಾನೆ. ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯೂ ಇರುತ್ತದೆ. ಅವನ ಬಳಿ ಬೀಗದ ಕೈಯಿದೆ, ಅವನಿಗೊಂದು ವಿಳಾಸವಿದೆ, ಬೆಳಿಗ್ಗೆ ಗುಂಡುಲಿಚ್ ಚೌಕದ ಸಂತೆಯಲ್ಲಿ ತರಕಾರಿ ಕೊಳ್ಳುತ್ತಾನೆ. ಹಾಗಿದ್ದರೂ ವಾಸ ಎಂಬ ಶಬ್ದದ ಅರ್ಥ ಇಷ್ಟರಲ್ಲೇ ಮುಗಿಯುವುದೇ? ಒಂದು ಊರಿನಲ್ಲಿ ವಾಸಿಸುವ ಮನುಷ್ಯನು ಆ ಊರಿಗೆ ಕೊಡಬೇಕಾದದ್ದು ಬಾಡಿಗೆಯೊಂದೇ ಏನು?

ಅವನ ಪಕ್ಷದ ಮಾತನ್ನು ನ್ಯಾಯವಾಗಿ ಕೇಳಬೇಕು. ನಾನು ಯಾರ ಮನೆಯನ್ನೂ ಕಸಿದುಕೊಂಡಿಲ್ಲ, ಒಡೆಯನೇ ಒಪ್ಪಿ ಕೊಟ್ಟದ್ದು ಎಂದು ಅವನು ಹೇಳಬಹುದು. ಅದು ಸುಳ್ಳಲ್ಲ. ಕೋಟೆಯೊಳಗಿನ ಜನಸಂಖ್ಯೆ ಕುಸಿದದ್ದು ಈ ಪರವಾನಗಿ ಹುಟ್ಟುವುದಕ್ಕೆ ಬಹಳ ಮೊದಲೇ. ಅವನು ಯಾರ ಉದ್ಯೋಗಕ್ಕೂ ಕೈಹಾಕಿಲ್ಲ. ಅಂಗಡಿಯಲ್ಲಿ ಕೊಳ್ಳುವ ಹೆಚ್ಚಿನ ವಸ್ತುಗಳ ಮೇಲೆ ಶೇ. 25ರ ಮಾರಾಟ ತೆರಿಗೆಯನ್ನು ಊರವರಂತೆ ಅವನೂ ಕೊಡುತ್ತಾನೆ. ನವೆಂಬರಿನಲ್ಲಿ ಹೋಟೆಲುಗಳು ಬಾಗಿಲು ಹಾಕಿ, ಅರ್ಧ ಊರು ಕತ್ತಲಲ್ಲಿ ಮುಳುಗಿ, ದಕ್ಷಿಣದ ಗಾಳಿ ಸಮುದ್ರವನ್ನು ಗೋಡೆಗೆ ಅಪ್ಪಳಿಸುವ ದಿನಗಳಲ್ಲಿ ಒಂದು ಕಿಟಕಿಯಲ್ಲಿ ದೀಪ ಉರಿಯುವುದೂ ಒಂದು ಉಪಕಾರವೇ. ಚಳಿಗಾಲದಲ್ಲೂ ತೆರೆದಿಡುವ ಕಾಫಿ ಅಂಗಡಿಯವನಿಗೆ ಅವನು ಗಿರಾಕಿ. 2020ರ ಕೋವಿಡ್ ವರ್ಷದಲ್ಲಿ ಪ್ರವಾಸೋದ್ಯಮವೊಂದನ್ನೇ ನಂಬಿದ್ದ ಊರು ಎಷ್ಟು ಸುಲಭವಾಗಿ ಬರಿಗೈಯಾಗಬಲ್ಲದೆಂದು ಕಂಡ ಮೇಲೆಯೇ ಸರಕಾರ ಇಂಥವರನ್ನು ಕರೆದದ್ದು. ಕರೆದವರು ಅವರೇ, ಬಂದವನನ್ನು ದೂರುವುದು ಯಾವ ನ್ಯಾಯ?

ಈ ವಾದಗಳಲ್ಲಿ ಹುರುಳಿದೆ. ಆದರೆ ಇವೆಲ್ಲವೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ: ನಾನು ತಪ್ಪು ಮಾಡಿದೆನೇ? ಇಲ್ಲ, ಮಾಡಿಲ್ಲ. ನೈತಿಕ ಜೀವನವು ಅಪರಾಧದ ಪಟ್ಟಿಯಿಂದ ಪಾರಾಗುವುದರಲ್ಲೇ ಮುಗಿಯುವುದಾದರೆ ಚರ್ಚೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು.

ಸ್ಟ್ರಾದುನ್ ಬೀದಿಯ ಸುಣ್ಣಕಲ್ಲು ಕನ್ನಡಿಯಂತೆ ಹೊಳೆಯುತ್ತದೆ. ಮಳೆ ಬಂದಾಗ ಅದರಲ್ಲಿ ದೀಪಗಳ ಪ್ರತಿಬಿಂಬ ಕಾಣುತ್ತದೆ. ಯಾರೂ ಅದಕ್ಕೆ ಹೊಳಪು ಕೊಟ್ಟದ್ದಲ್ಲ, ಶತಮಾನಗಳ ಕಾಲ ನಡೆದ ಕಾಲುಗಳು ಸವೆಸಿದ್ದು. ನೀವು ಯಾವನೊಬ್ಬನನ್ನು ತಡೆದು ಈ ಕಲ್ಲನ್ನು ಸವೆಸಿದವನು ನೀನೇ ಎಂದರೆ ಅವನು ನಕ್ಕಾನು. ಅವನ ಒಂದು ಹೆಜ್ಜೆ ಕಲ್ಲಿನಿಂದ ಏನನ್ನೂ ತೆಗೆದಿಲ್ಲ. ಆದರೂ ಕಲ್ಲು ಸವೆದಿದೆಯಲ್ಲ! ಊರೊಂದರ ಬಾಡಿಗೆಯೂ ಹೀಗೆಯೇ ಏರುತ್ತದೆ. ನ್ಯೂಯಾರ್ಕಿನ ಸಂಬಳ ಪಡೆಯುವವನಿಗೆ ಡುಬ್ರೊವ್ನಿಕಿನ ಬಾಡಿಗೆ ಅಗ್ಗವಾಗಿ ಕಾಣುತ್ತದೆ. ಅವನು ಚೌಕಾಸಿಯಿಲ್ಲದೆ ಒಪ್ಪುತ್ತಾನೆ. ಮುಂದಿನ ವರ್ಷ ಒಡೆಯನು ಅದನ್ನೇ ಊರಿನ ದರವೆಂದು ತಿಳಿಯುತ್ತಾನೆ. ಡುಬ್ರೊವ್ನಿಕಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಲು ಒಳನಾಡಿನಿಂದ ಬಂದ ದಾದಿಗೆ ಆ ದರ ಎಟುಕುವುದಿಲ್ಲ. ಅವಳು ಅವನ ಮುಖವನ್ನು ನೋಡಿಲ್ಲ, ಅವನು ಅವಳ ಹೆಸರನ್ನು ಕೇಳಿಲ್ಲ. ಇಬ್ಬರ ನಡುವೆ ಜಗಳವೇ ನಡೆದಿಲ್ಲ. ಆದರೂ ಒಬ್ಬರ ಅನುಕೂಲವು ಇನ್ನೊಬ್ಬರ ಅನನುಕೂಲವಾಗಿ ಪರಿಣಮಿಸಿತು. ಕೈಯಿಂದ ಮಾಡುವ ಅನ್ಯಾಯವನ್ನು ಮನುಷ್ಯ ಬೇಗ ಗುರುತಿಸುತ್ತಾನೆ. ಸುಮ್ಮನೆ ಕುಳಿತಲ್ಲೇ, ತನ್ನ ಅರಿವಿಲ್ಲದೆ, ಸಾವಿರ ಜನರೊಡನೆ ಸೇರಿ ಮಾಡುವುದನ್ನು ಗುರುತಿಸಲು ಅವನಿಗೆ ಕಣ್ಣು ಸಾಲದು.

ಈ ಊರಿನ ಬಾಡಿಗೆಯ ಕರಾರಿನಲ್ಲಿ ಇನ್ನೊಂದು ವಿಶೇಷವಿದೆ. ಅನೇಕ ಮನೆಗಳನ್ನು ಸೆಪ್ಟೆಂಬರ್ ಅಥವಾ ಅಕ್ಟೋಬರಿನಿಂದ ಮೇ ತಿಂಗಳವರೆಗೆ ಮಾತ್ರ ಕೊಡುತ್ತಾರೆ. ಜೂನ್ ಬಂತೆಂದರೆ ಗಂಟುಮೂಟೆ ಕಟ್ಟಬೇಕು. ಬೇಸಿಗೆಯಲ್ಲಿ ಅದೇ ಮನೆ ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ. ವಿದ್ಯಾರ್ಥಿಗಳಿಗೆ, ಹೊಸದಾಗಿ ಮದುವೆಯಾದವರಿಗೆ, ಬೇರೆಡೆಯಿಂದ ವರ್ಗವಾಗಿ ಬಂದ ನೌಕರರಿಗೆ ಇದೊಂದು ವಾರ್ಷಿಕ ಸಂಕಟ. ದೂರದ ಕಚೇರಿಯ ಕೆಲಸಗಾರನಿಗೆ ಈ ಕರಾರು ಹೇಳಿಮಾಡಿಸಿದಂತಿದೆ. ಮೇ ಮುಗಿದರೆ ಅವನು ಪೋರ್ಚುಗಲ್ಲಿಗೋ ಥಾಯ್ಲೆಂಡಿಗೋ ಹಾರಿಯಾನು. ಊರವನಿಗೆ ಗಾಯವಾದದ್ದು ಇವನಿಗೆ ಸೌಕರ್ಯ. ಹೀಗೆ ಎಂಟು ತಿಂಗಳಿಗೆ ಒಪ್ಪಿ ಹೆಚ್ಚು ಕೊಡುವ ಗಿರಾಕಿ ಸಿಕ್ಕರೆ, ವರ್ಷಪೂರ್ತಿ ಇರುತ್ತೇನೆನ್ನುವ ಕುಟುಂಬವನ್ನು ಒಡೆಯ ಏಕೆ ಕೇಳಿಯಾನು? ಒಡೆಯನ ಮೇಲೆ ಎಲ್ಲ ತಪ್ಪನ್ನೂ ಹೊರಿಸುವುದೂ ಸರಿಯಲ್ಲ. ಅಲ್ಪ ಪಿಂಚಣಿಯಲ್ಲಿ ಬದುಕುವ ವಿಧವೆಯೊಬ್ಬಳು ತಾನು ಹುಟ್ಟಿ ಬೆಳೆದ ಮನೆಯನ್ನು ಪರರಿಗೆ ಕೊಟ್ಟು ಮಗಳ ಮನೆಯ ಕಿರುಕೋಣೆಗೆ ಹೋಗುವುದು ದುರಾಸೆಯಿಂದಲ್ಲ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ಅದೇ ಊರಿನಲ್ಲಿ ಇನ್ನೊಂದು ಬಗೆಯ ವಿದೇಶಿಯೂ ಇದ್ದಾನೆ.

ಕ್ರೊಯೇಷಿಯಾದ ಹೋಟೆಲುಗಳಿಗೂ ಕಟ್ಟಡ ಕಾಮಗಾರಿಗಳಿಗೂ ಕೈಗಳು ಸಾಲುತ್ತಿಲ್ಲ. ಅಲ್ಲಿನ ಯುವಕರು 2013ರಲ್ಲಿ ದೇಶ ಯೂರೋಪಿಯನ್ ಒಕ್ಕೂಟ ಸೇರಿದ ಮೇಲೆ ಜರ್ಮನಿಗೂ ಐರ್ಲೆಂಡಿಗೂ ದಾರಿ ಹಿಡಿದರು. ಅವರ ಜಾಗಕ್ಕೆ ಬೋಸ್ನಿಯಾ, ಸರ್ಬಿಯಾಗಳಿಂದ ಮಾತ್ರವಲ್ಲ, ನೇಪಾಳ, ಫಿಲಿಪ್ಪೀನ್ಸ್, ನಮ್ಮ ಭಾರತದಿಂದಲೂ ಕೆಲಸಗಾರರು ಬರುತ್ತಿದ್ದಾರೆ. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವವನು, ಹಾಸಿಗೆಯ ಹೊದಿಕೆ ಬದಲಿಸುವವಳು, ಬೈಸಿಕಲ್ಲಿನಲ್ಲಿ ಊಟ ಮುಟ್ಟಿಸುವವನು ಅವರೇ. ಅವರೂ ವಿದೇಶಿಯರು, ಅವರಿಗೂ ಅನ್ವಯಿಸುವುದು ವಿದೇಶಿಯರ ಕಾಯಿದೆಯೇ. ಆದರೆ ಬಾಗಿಲು ಬೇರೆ. ಇವರ ಪರವಾನಗಿ ಧಣಿಗೆ ಅಂಟಿಕೊಂಡಿದೆ. ಸಂಬಳದ ಮೇಲೆ ತೆರಿಗೆ ಕಟ್ಟುತ್ತಾರೆ. ಒಂದು ಕೋಣೆಯಲ್ಲಿ ಹಲವರು ಮಲಗುತ್ತಾರೆ. ಅವರ ದುಡಿಮೆಯಿಲ್ಲದೆ ಆ ಊರಿನ ಒಂದು ಬೇಸಿಗೆಯೂ ನಡೆಯದು. ಊರಿಗೆ ಬೇಕಾದ ಕೆಲಸ ಮಾಡುವವನಿಗೆ ಇಕ್ಕಟ್ಟಿನ ಬಾಗಿಲು. ಊರಿಗಾಗಿ ಯಾವ ಕೆಲಸವನ್ನೂ ಮಾಡಲಾರೆನೆಂದು ಬರೆದುಕೊಡುವವನಿಗೆ ಅಗಲವಾದ ಬಾಗಿಲು. ಮನುಷ್ಯನ ಬೆಲೆಯನ್ನು ಅವನ ಬ್ಯಾಂಕಿನ ಲೆಕ್ಕದಿಂದ ಅಳೆಯುವ ಕಾಲದಲ್ಲಿ ಇದು ಅನಿರೀಕ್ಷಿತವೇನೂ ಅಲ್ಲ. ಆದರೆ ಇದನ್ನು ಸಹಜವೆಂದು ಒಪ್ಪಿಕೊಳ್ಳುವಷ್ಟು ನಮ್ಮ ಮನಸ್ಸು ಜಡ್ಡುಗಟ್ಟಬಾರದು.

ಕರಾವಳಿಯ ಓದುಗರಿಗೆ ಈ ಎರಡನೆಯ ಬಾಗಿಲಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಂಗಳೂರು, ಉಡುಪಿ, ಭಟ್ಕಳಗಳಿಂದ ಗಲ್ಫ್ ರಾಷ್ಟ್ರಗಳಿಗೆ ಹೋದವರು ಮೂವತ್ತು ನಲ್ವತ್ತು ವರ್ಷ ಅಲ್ಲಿ ದುಡಿದೂ ಕೊನೆಗೆ ವೀಸಾ ಮುಗಿದ ದಿನ ಮರಳಿ ಬರುತ್ತಾರೆ. ಆ ನಗರಗಳ ರಸ್ತೆ, ಗೋಪುರ, ಅಂಗಡಿಗಳಲ್ಲಿ ಅವರ ಬೆವರಿದೆ. ಆದರೆ ಅಲ್ಲಿ ಅವರು ಎಂದೂ ಊರವರಾಗಲಿಲ್ಲ. ವಾಸವಿದ್ದೂ ವಾಸಿಗಳಲ್ಲದವರು ಅವರು. ಡುಬ್ರೊವ್ನಿಕಿನಲ್ಲಿ ನಾವು ನೋಡುತ್ತಿರುವ ಕಂಪ್ಯೂಟರ್ ಕೆಲಸಗಾರನು ಇದರ ತಲೆಕೆಳಗಾದ ಚಿತ್ರ: ಊರು ತನ್ನದೆನ್ನುತ್ತಾನೆ, ಊರಿನ ಕೆಲಸದಲ್ಲಿ ಅವನ ಬೆವರಿಲ್ಲ.

ಅವನ ಗಡಿಯಾರವನ್ನೇ ನೋಡಿ. ನ್ಯೂಯಾರ್ಕಿನ ಕಂಪೆನಿಗೆ ದುಡಿಯುವವನ ಬೆಳಗಿನ ಒಂಬತ್ತು ಗಂಟೆ ಡುಬ್ರೊವ್ನಿಕಿನಲ್ಲಿ ಮಧ್ಯಾಹ್ನ ಮೂರು. ಅಲ್ಲಿಂದ ರಾತ್ರಿ ಹನ್ನೊಂದರವರೆಗೆ ಅವನು ಪರದೆಯ ಮುಂದಿರುತ್ತಾನೆ. ಊರು ಸಂಜೆಯ ಗಾಳಿಗೆ ಬೀದಿಗಿಳಿದು ಮಾತನಾಡುವ ಹೊತ್ತು ಅವನ ಸಭೆಯ ಹೊತ್ತು. ಬೆಂಗಳೂರಿನ ಕಚೇರಿಯ ಕೆಲಸವನ್ನು ಅಲ್ಲಿ ಕುಳಿತು ಮಾಡುವವನಿಗೆ ಇದು ಇನ್ನೊಂದು ಬಗೆ: ಇಲ್ಲಿ ಒಂಬತ್ತೂವರೆಯಾದಾಗ ಅಲ್ಲಿ ಚಳಿಗಾಲದ ನಸುಕಿನ ಐದು ಗಂಟೆ. ದೇಹ ಒಂದು ಊರಿನಲ್ಲಿ, ಹಗಲು ಇನ್ನೊಂದು ಊರಿನಲ್ಲಿ. ಮನುಷ್ಯರು ಒಟ್ಟಿಗೆ ಬಾಳುವುದೆಂದರೆ ಒಂದೇ ಸ್ಥಳದಲ್ಲಿರುವುದು ಮಾತ್ರವಲ್ಲ, ಒಂದೇ ಹೊತ್ತನ್ನು ಹಂಚಿಕೊಳ್ಳುವುದು ಎಂಬ ಮಾತು ನಮಗೆ ಹೊಸದಲ್ಲ. ದಿನಕ್ಕೈದು ಬಾರಿ ಒಂದೇ ಹೊತ್ತಿಗೆ ಒಂದೆಡೆ ಸೇರುವವರಿಗೆ ಅದರ ಅರ್ಥ ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕು. ಹೊತ್ತು ಕೂಡದವನಿಗೆ ಗೆಳೆತನವೂ ಕೂಡುವುದಿಲ್ಲ. ಹಾಗಾಗಿ ಅವನ ಗೆಳೆಯರು ಅವನಂಥವರೇ ಆಗಿಬಿಡುತ್ತಾರೆ. ಅವರು ಊರಿನ ವಿಷಯ ಮಾತನಾಡುತ್ತಾರೆ, ಊರಿನವರೊಡನೆ ಮಾತನಾಡುವುದಿಲ್ಲ. ಮಾತನಾಡಲು ಭಾಷೆ ಬೇಕು. ಕ್ರೊಯೇಷಿಯನ್ ಸುಲಭದ ಭಾಷೆಯಲ್ಲ, ಎಂಟು ತಿಂಗಳಿಗೆ ಅದನ್ನು ಕಲಿಯುವುದು ನಷ್ಟದ ಬಾಬ್ತು ಎಂದು ಲೆಕ್ಕ ಹಾಕಿದರೆ ಆ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಇದನ್ನೆಲ್ಲ ಲೆಕ್ಕವಾಗಿ ನೋಡುವುದರಲ್ಲಿ.

ಪ್ರಯಾಣಿಕನು ಯಾವಾಗ ನಿವಾಸಿಯಾಗುತ್ತಾನೆ ಎಂಬ ಪ್ರಶ್ನೆಯನ್ನು ನಮ್ಮ ಕರ್ಮಶಾಸ್ತ್ರ ವಿದ್ವಾಂಸರು ಶತಮಾನಗಳ ಹಿಂದೆಯೇ ಚರ್ಚಿಸಿದ್ದಾರೆ. ಪ್ರಯಾಣದಲ್ಲಿರುವವನಿಗೆ ನಮಾಝನ್ನು ಸಂಕ್ಷಿಪ್ತಗೊಳಿಸುವ, ರಮಝಾನಿನ ಉಪವಾಸವನ್ನು ಮುಂದೂಡುವ ರಿಯಾಯಿತಿಗಳಿವೆ. ಆ ರಿಯಾಯಿತಿ ಎಲ್ಲಿಯವರೆಗೆ? ಒಳನಾಡಿನಲ್ಲಿ ಹೆಚ್ಚಾಗಿ ಅನುಸರಿಸುವ ಹನಫೀ ಅಭಿಪ್ರಾಯದಂತೆ ಒಂದೆಡೆ ಹದಿನೈದು ದಿನ ಅಥವಾ ಹೆಚ್ಚು ನಿಲ್ಲಲು ನಿಶ್ಚಯಿಸಿದವನು ನಿವಾಸಿ. ಕರಾವಳಿಯ ಶಾಫಿಈಗಳ ಪ್ರಕಾರ ಬಂದ ದಿನ, ಹೊರಡುವ ದಿನ ಬಿಟ್ಟು ನಾಲ್ಕು ದಿನ ನಿಲ್ಲುವ ಸಂಕಲ್ಪವೇ ಸಾಕು. ದಿನಗಳ ಎಣಿಕೆಯಲ್ಲಿ ವ್ಯತ್ಯಾಸವಿದೆ. ಆದರೆ ಗಮನಿಸಬೇಕಾದ ಎರಡು ಅಂಶಗಳಲ್ಲಿ ಒಮ್ಮತವಿದೆ. ಒಂದು, ನಿವಾಸವನ್ನು ನಿರ್ಧರಿಸುವುದರಲ್ಲಿ ಮನೆಯ ಕರಾರಿಗಿಂತ ಮನುಷ್ಯನ ಸಂಕಲ್ಪ ಮುಖ್ಯ. ಇನ್ನೊಂದು, ನಿವಾಸಿಯಾದ ಕ್ಷಣ ರಿಯಾಯಿತಿಗಳು ಕೊನೆಗೊಂಡು ಪೂರ್ಣ ಹೊಣೆ ತಲೆಯ ಮೇಲೆ ಬರುತ್ತದೆ. ಇದು ಆರಾಧನೆಯ ವಿಷಯದಲ್ಲಿ ಹೇಳಿದ ನಿಯಮ. ಅದನ್ನು ಬಾಡಿಗೆ ಮನೆಗೆ ಎಳೆದು ತರುವುದು ನನ್ನ ಉದ್ದೇಶವಲ್ಲ. ಅದರ ಹಿಂದಿರುವ ವಿವೇಕವನ್ನು ಮಾತ್ರ ತೋರಿಸುತ್ತಿದ್ದೇನೆ. ಪ್ರಯಾಣಿಕನ ರಿಯಾಯಿತಿಯೂ ಬೇಕು, ನಿವಾಸಿಯ ಹಕ್ಕೂ ಬೇಕು ಎಂದು ಎರಡು ತಟ್ಟೆಗಳಿಂದ ಉಣ್ಣುವುದಕ್ಕೆ ಅಲ್ಲಿ ಅವಕಾಶವಿಲ್ಲ. ತೆರಿಗೆಯ ಹೊತ್ತಿಗೆ ನಾನು ಹಾದುಹೋಗುವವನು, ಸೌಕರ್ಯದ ಹೊತ್ತಿಗೆ ನಾನು ಇಲ್ಲಿಯವನು ಎಂಬುದು ಕಾನೂನಿಗೆ ಒಪ್ಪಿಗೆಯಾದೀತು. ಕಾನೂನು ಬರೆದವರು ಗಿರಾಕಿಯನ್ನು ಹುಡುಕುತ್ತಿದ್ದರು.

ಈ ವಿವೇಕ ಹಳೆಯ ಡುಬ್ರೊವ್ನಿಕಿಗೂ ಅಪರಿಚಿತವಾಗಿರಲಿಲ್ಲ. ರಗೂಸಾ ಎಂಬ ಹೆಸರಿನ ಗಣರಾಜ್ಯವಾಗಿದ್ದ ಕಾಲದಲ್ಲಿ, 1377ರಲ್ಲಿ, ಅದರ ಮಹಾಸಭೆ ಒಂದು ಕಟ್ಟಳೆ ಮಾಡಿತು. ಪ್ಲೇಗು ಹಬ್ಬಿದ ಪ್ರದೇಶದಿಂದ ಬಂದವರು ಮೊದಲು ಒಂದು ತಿಂಗಳನ್ನು ಮರ್ಕಾನ್ ಎಂಬ ಕಿರುದ್ವೀಪದಲ್ಲೋ ಪಕ್ಕದ ಸಾವ್ತಾತ್ ಪಟ್ಟಣದಲ್ಲೋ ಕಳೆದು ಬಳಿಕವೇ ನಗರವನ್ನು ಹೊಗಬೇಕು. ಜಗತ್ತು ಇಂದು ಕ್ವಾರಂಟೈನ್ ಎಂದು ಕರೆಯುವ ಏರ್ಪಾಟಿನ ಮೊದಲ ಲಿಖಿತ ನಿಯಮಗಳಲ್ಲಿ ಇದೊಂದು. ಆಮೇಲೆ ಪೂರ್ವದ್ವಾರದ ಹೊರಗೆ ಲಜರೆತಿ ಎಂಬ ಉದ್ದನೆಯ ಕಟ್ಟಡಗಳ ಸಾಲು ಎದ್ದಿತು. ಉಸ್ಮಾನೀ ಸಾಮ್ರಾಜ್ಯದ ಕಡೆಯಿಂದ ಬರುವ ಸಾರ್ಥಗಳು ತೊಗಲು, ಉಣ್ಣೆ, ಮೇಣಗಳೊಂದಿಗೆ ಅಲ್ಲಿ ತಂಗುತ್ತಿದ್ದವು. ಮರಳುವಾಗ ಉಪ್ಪನ್ನೂ ಬಟ್ಟೆಯನ್ನೂ ಒಯ್ಯುತ್ತಿದ್ದವು. ಕ್ರೈಸ್ತರ ಈ ಪುಟ್ಟ ಗಣರಾಜ್ಯ ಸುಲ್ತಾನನಿಗೆ ವರ್ಷಕ್ಕೆ 12,500 ಡುಕಾಟ್ ಕಪ್ಪ ಕೊಟ್ಟು ತನ್ನ ಸ್ವಾತಂತ್ರ್ಯವನ್ನೂ ವ್ಯಾಪಾರವನ್ನೂ ಕಾಪಾಡಿಕೊಂಡಿತ್ತು. ಹೊರಗಿನವರಿಂದಲೇ ಬದುಕಿದ ಊರದು, ಅವರನ್ನು ದ್ವೇಷಿಸಿದ ಊರಲ್ಲ. ಆದರೆ ಬರುವವನು ತನ್ನೊಂದಿಗೆ ಏನನ್ನಾದರೂ ಹೊತ್ತು ತಂದಿರಬಹುದು, ಅದು ಅವನಿಗೇ ತಿಳಿದಿರಲಿಕ್ಕಿಲ್ಲ ಎಂಬ ಎಚ್ಚರ ಅದಕ್ಕಿತ್ತು. ಆ ಎಚ್ಚರದಲ್ಲಿ ಬಂದವನಿಗೆ ಅವಮಾನವಿರಲಿಲ್ಲ. ಜಗತ್ತಿನ ಚಿನ್ನವನ್ನೆಲ್ಲ ಕೊಟ್ಟರೂ ಸ್ವಾತಂತ್ರ್ಯವನ್ನು ಮಾರಬಾರದು ಎಂಬರ್ಥದ ಲ್ಯಾಟಿನ್ ಮಾತನ್ನು ಅಲ್ಲಿನ ಲೊವ್ರಿಯೆನಾತ್ಸ್ ಕೋಟೆಯ ಬಾಗಿಲ ಮೇಲೆ ಕೆತ್ತಿದ್ದಾರೆ. ಇಂದು ಅದರ ಕೆಳಗೆ ಹಾದುಹೋಗಲು ಚೀಟಿ ಕೊಳ್ಳಬೇಕು.

ಅತಿಥಿ ಮತ್ತು ನೆರೆಯವನು, ಈ ಎರಡರಲ್ಲಿ ಅವನು ಯಾವುದು ಎಂದು ಕೇಳೋಣ. ಅತಿಥಿಯೆಂದಾದರೆ, ಸತ್ಕಾರದ ಅವಧಿ ಮೂರು ದಿನವೆಂದೂ ಅದರಾಚೆಯದು ದಾನವೆಂದೂ ಆತಿಥೇಯನಿಗೆ ಹೊರೆಯಾಗುವವರೆಗೆ ಉಳಿಯುವುದು ಅತಿಥಿಗೆ ಸಲ್ಲದೆಂದೂ ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಅತಿಥಿಗೆ ಹಕ್ಕುಗಳಿರುವುದನ್ನು ಎಲ್ಲರೂ ಹೇಳುತ್ತಾರೆ. ಹೊರೆಯಾಗದಿರುವ ಕರ್ತವ್ಯ ಅತಿಥಿಯ ಮೇಲಿರುವುದನ್ನು ಹೇಳುವವರು ವಿರಳ. ನಾನು ಹಣ ಕೊಟ್ಟಿದ್ದೇನೆ, ಆದ್ದರಿಂದ ಯಾರಿಗೂ ಹೊರೆಯಲ್ಲ ಎಂದರೆ, ಹಣ ಪಡೆದವನು ಒಬ್ಬ, ಹೊರೆ ಹೊತ್ತವರು ಹಲವರು ಎಂಬುದನ್ನು ಮರೆತಂತಾಯಿತು. ಮನೆಯೊಡೆಯನಿಗೆ ಕೊಟ್ಟ ಬಾಡಿಗೆ ಪಕ್ಕದ ಮನೆಯ ಮುದುಕಿಯ ನಿದ್ದೆಗೆ ಪರಿಹಾರವಲ್ಲ.

ನೆರೆಯವನೆಂದಾದರೆ ಮಾತು ಇನ್ನೂ ಗಂಭೀರ. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೆಯ ಸೂಕ್ತವು ಸದ್ವರ್ತನೆಗೆ ಅರ್ಹರಾದವರನ್ನು ಹೆಸರಿಸುವಾಗ ಬಂಧುವಾದ ನೆರೆಯವನನ್ನೂ ಅಪರಿಚಿತನಾದ ನೆರೆಯವನನ್ನೂ ಪಕ್ಕದಲ್ಲಿರುವ ಒಡನಾಡಿಯನ್ನೂ ದಾರಿಹೋಕನನ್ನೂ ಒಟ್ಟಿಗೆ ಉಲ್ಲೇಖಿಸುತ್ತದೆ. ಪಕ್ಕದ ಒಡನಾಡಿ ಎಂಬುದರಲ್ಲಿ ಸ್ವಲ್ಪ ಹೊತ್ತಿನ ಮಟ್ಟಿಗೆ ಜೊತೆಗೆ ಸಿಕ್ಕವನೂ ಸೇರುತ್ತಾನೆಂದು ಕೆಲವು ವ್ಯಾಖ್ಯಾನಕಾರರು ವಿವರಿಸಿದ್ದಾರೆ: ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವನು, ಅಂಗಡಿಯ ಸರದಿಯಲ್ಲಿ ಮುಂದೆ ನಿಂತವನು. ಹಾಗಾದರೆ ನಾನು ಇಲ್ಲಿ ಎಂಟೇ ತಿಂಗಳು ಇರುವವನು, ನನಗೆಂಥ ನೆರೆಹೊರೆ ಎನ್ನುವ ನೆಪವೂ ಉಳಿಯುವುದಿಲ್ಲ. ಬಸ್ಸಿನ ಅರ್ಧ ಗಂಟೆಯ ಸಹವಾಸಕ್ಕೇ ಹಕ್ಕುಗಳಿದ್ದ ಮೇಲೆ ಎಂಟು ತಿಂಗಳ ಗೋಡೆಗೆ ಗೋಡೆ ತಾಗಿದ ಸಹವಾಸಕ್ಕೆ ಇಲ್ಲದಿರುವುದು ಹೇಗೆ? ಸೂಕ್ತದ ಕೊನೆಯಲ್ಲಿರುವ ದಾರಿಹೋಕನ ಹಕ್ಕನ್ನೂ ಮರೆಯಬಾರದು. ಹೊರಗಿನವನನ್ನು ಕೇವಲ ಹಣದ ಚೀಲವೆಂದು ನೋಡುವ ಊರು ಕೂಡ ತನ್ನ ಪಾಲಿನ ಧರ್ಮವನ್ನು ಬಿಟ್ಟಂತೆಯೇ.

ಹಾಗೆಂದು ಯಾರೂ ತಾವು ಹುಟ್ಟಿದ ಊರನ್ನು ಬಿಟ್ಟು ಕದಲಬಾರದೆಂದು ಹೇಳಿದರೆ ಅದು ಮೂರ್ಖತನವಾದೀತು. ಮನುಷ್ಯ ಸಂಚರಿಸಲೆಂದೇ ಭೂಮಿ ವಿಶಾಲವಾಗಿದೆ. ನಮ್ಮ ಯುವಕರಲ್ಲೂ ಇಂಥ ಕೆಲಸದಲ್ಲಿರುವವರು ಹೆಚ್ಚುತ್ತಿದ್ದಾರೆ. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೂ ಈ ಪರವಾನಗಿಯ ದಾರಿ ತೆರೆದಿದೆ. ಹೋಗುವವನು ಕೋಟೆಯ ಒಳಗೇ ಮನೆ ಹುಡುಕಬೇಕೆಂದಿಲ್ಲ. ಗ್ರೂಜಿನಲ್ಲೋ ಲಾಪಾದಿನಲ್ಲೋ ಇದ್ದರೂ ಬಸ್ಸಿನಲ್ಲಿ ಸ್ವಲ್ಪವೇ ಹೊತ್ತಿಗೆ ಹಳೆಯ ನಗರ ತಲುಪಬಹುದು. ಆದರೆ ಊರಿನ ಕುಟುಂಬಗಳು ಈಗ ಇರುವುದೂ ಅಲ್ಲಿಯೇ, ಆದ್ದರಿಂದ ಅದೂ ಸಂಪೂರ್ಣ ನಿರ್ದೋಷವಾದ ಆಯ್ಕೆಯಲ್ಲ. ಇಂಥ ವಿಷಯಗಳಲ್ಲಿ ಕೈ ತೊಳೆದುಕೊಂಡು ಪಾರಾಗುವ ಸ್ಥಳವೆಂಬುದು ಸಿಗುವುದಿಲ್ಲ. ಸಿಗುವುದು ಸಣ್ಣ ಸಣ್ಣ ವಿವೇಚನೆಗಳು ಮಾತ್ರ. ಕುಟುಂಬಗಳು ಹುಡುಕುವ ಮೂರು ಕೋಣೆಯ ಮನೆಯನ್ನು ಒಬ್ಬಂಟಿಯಾಗಿ ಹಿಡಿಯದಿರುವುದು. ಕೇಳಿದ ಬಾಡಿಗೆಗೆ ತಲೆಯಾಡಿಸುವ ಮೊದಲು ಊರವರು ಎಷ್ಟು ಕೊಡುತ್ತಾರೆಂದು ವಿಚಾರಿಸುವುದು. ಓಣಿಯ ಮೆಟ್ಟಿಲಿನಲ್ಲಿ ತರಕಾರಿಯ ಚೀಲ ಹೊತ್ತು ಏರುವ ವೃದ್ಧರಿಗೆ, ಭಾಷೆ ಬಾರದಿದ್ದರೂ, ಒಂದು ಕೈ ಕೊಡುವುದು.

ಮತ್ತು ಊಟ ತಂದು ಬಾಗಿಲಲ್ಲಿ ನಿಂತ ನೇಪಾಳದ ಹುಡುಗನ ಹೆಸರು ಕೇಳುವುದು. ಹಿಂದಿ ಬಲ್ಲ ನಮ್ಮವನಿಗೆ ಅವನೊಡನೆ ಎರಡು ಮಾತಾಡಲು ಕ್ರೊಯೇಷಿಯನ್ ಕೂಡ ಬೇಕಾಗಿಲ್ಲ. ಅವನ ಸರದಿ ಎಷ್ಟು ಗಂಟೆಗೆ ಮುಗಿಯುತ್ತದೆ, ಕೋಣೆಯಲ್ಲಿ ಎಷ್ಟು ಮಂದಿ, ಪರವಾನಗಿ ಮುಗಿದ ಮೇಲೆ ಏನು ಎಂದು ಕೇಳಿದರೆ ಆ ಊರಿನ ಬಗ್ಗೆ ಯಾವ ಪ್ರವಾಸಿ ಕೈಪಿಡಿಯೂ ಹೇಳದ ಸಂಗತಿಗಳು ತಿಳಿಯುತ್ತವೆ. ಜೂನ್ ತಿಂಗಳಲ್ಲಿ ಕಂಪ್ಯೂಟರ್ ಚೀಲ ಹೆಗಲಿಗೇರಿಸಿ ಇವನು ವಿಮಾನ ಹತ್ತುವಾಗ ಆ ಹುಡುಗನ ದುಡಿಮೆಯ ನಿಜವಾದ ಕಾಲ ಆಗಷ್ಟೇ ಆರಂಭವಾಗಿರುತ್ತದೆ.